ಕೆಸರು ಕಪ್ತಾನ

ಬಾವಿ ತೋಡುವವನ ಮಗ ಯುದ್ಧದ ಹಡಗಿಗೆ ಕಪ್ತಾನನಾದ ಅಂದರೆ ಈಗಿನವರು ನಂಬಲಿಕ್ಕಿಲ್ಲ. ಆದರೆ ದೇಶಕ್ಕೆ ಸ್ವಾತಂತ್ರ್ಯ ಬಂದ ಆ ವರ್ಷ ಏನೇನು ಆಗಲಿಲ್ಲ? ಕಾಗದ ಹಂಚುತ್ತಿದ್ದವನು ಅಂಚೆ ಇಲಾಖೆಯ ದೊಡ್ಡ ಅಧಿಕಾರಿಯಾದ. ಜೈಲಿನಲ್ಲಿ ಕಂಬಿ ಎಣಿಸುತ್ತಿದ್ದವನು ಜೈಲು ಮಂತ್ರಿಯಾದ. ಕುರ್ಚಿಗಳೆಲ್ಲ ಒಂದೇ ದಿನ ಖಾಲಿಯಾದರೆ ಹತ್ತಿರ ನಿಂತವನು ಕೂರಲೇಬೇಕಲ್ಲ. ನಮ್ಮ ಕಪ್ತಾನನೂ ಹಾಗೆ ಕೂತವನೇ. ಅವನ ಕುರ್ಚಿ ನೀರಿನ ಮೇಲೆ ತೇಲುತ್ತಿತ್ತು, ಅಷ್ಟೇ ವ್ಯತ್ಯಾಸ.

ಅವನ ಅಪ್ಪ ನೆಲದ ಮರ್ಮ ಬಲ್ಲವನು. ಅಗೆದ ಮಣ್ಣನ್ನು ಮೂಸಿ, ಒಂದು ಚೂರು ನಾಲಿಗೆ ತುದಿಗಿಟ್ಟು, "ಇನ್ನು ಎರಡಾಳುದ್ದ ಅಗೀರಿ" ಅಂದನೆಂದರೆ ಎರಡಾಳಿಗೆ ಸರಿಯಾಗಿ ನೀರು ಚಿಮ್ಮುತ್ತಿತ್ತು. ಮಗ ಮೂಸುವುದನ್ನು ಕಲಿತ, ಇಳಿಯುವುದನ್ನು ಕಲಿಯಲಿಲ್ಲ. ಬಾವಿಯೊಳಗೆ ಕಾಲಿಟ್ಟರೆ ಅವನಿಗೆ ಉಸಿರು ಕಟ್ಟುತ್ತಿತ್ತು. ಹದಿನೆಂಟಕ್ಕೆ ದೊರೆಗಳ ನೌಕಾಪಡೆ ಸೇರುತ್ತೇನೆ ಅಂದಾಗ ಅಪ್ಪ ತಲೆ ಚಚ್ಚಿಕೊಂಡ.

"ಲೋ, ಬಾವಿಗೆ ಹೆದರೋನು ಸಮುದ್ರಕ್ಕೆ ಹೋಗ್ತೀನಿ ಅಂತೀಯಲ್ಲೋ!"

"ಬಾವಿಗೆ ಗೋಡೆ ಇದೆ ಅಪ್ಪಾ. ಸಮುದ್ರಕ್ಕಿಲ್ಲ."

ಅಪ್ಪನಿಗೆ ಇದಕ್ಕೆ ಉತ್ತರ ಹೊಳೆಯುವಷ್ಟರಲ್ಲಿ ಮಗ ಹಡಗು ಹತ್ತಿದ್ದ.

ಹಡಗಿನಲ್ಲಿ ಅವನಿಗೆ ಕೊಟ್ಟದ್ದು ಗುಂಡು ಇಳಿಸುವ ಕೆಲಸ. ಬಂದೂಕಿನ ಗುಂಡಲ್ಲ, ಸೀಸದ ಗುಂಡು. ಮೊಳದುದ್ದದ ಸೀಸದ ತುಂಡಿಗೆ ಉದ್ದನೆಯ ಹಗ್ಗ ಕಟ್ಟಿರುತ್ತದೆ. ಎರಡು ಕೈ ಅಗಲಿಸಿದರೆ ಒಂದು ಮಾರು ನೋಡಿ, ಅಂಥ ಮಾರುಗಳ ಲೆಕ್ಕಕ್ಕೆ ಹಗ್ಗದಲ್ಲಿ ಅಲ್ಲಲ್ಲಿ ತೊಗಲಿನ ಚೂರು, ಬಟ್ಟೆಯ ಚೂರು ಸಿಕ್ಕಿಸಿರುತ್ತಾರೆ. ಗುಂಡನ್ನು ಎಸೆದು, ಬೆರಳಿಗೆ ಸಿಕ್ಕ ಚೂರು ನೋಡಿ, "ಏಳು ಮಾರು!" ಎಂದು ಕೂಗಬೇಕು. ಗುಂಡಿನ ಬುಡದಲ್ಲಿ ಒಂದು ಕುಳಿ. ಅದಕ್ಕೆ ಪ್ರಾಣಿಯ ಕೊಬ್ಬು ಮೆತ್ತಿದರೆ ಸಮುದ್ರದ ತಳದಲ್ಲಿರುವ ಮರಳೋ ಕೆಸರೋ ಚಿಪ್ಪೋ ಅದಕ್ಕೆ ಅಂಟಿಕೊಂಡು ಮೇಲೆ ಬರುತ್ತದೆ. ಉಳಿದವರು ಕಣ್ಣಿನಲ್ಲಿ ನೋಡಿ "ಕೆಸರು" ಅನ್ನುತ್ತಿದ್ದರು. ಇವನು ಮೂಸಿ, ನಾಲಿಗೆಗೆ ಮುಟ್ಟಿಸಿ, "ದ್ವೀಪದ ಹಿಂದಿನ ಕೆಸರು, ನಾವು ಒಂದು ಮೈಲಿ ಉತ್ತರಕ್ಕೆ ಬಂದುಬಿಟ್ಟಿದ್ದೀವಿ" ಅನ್ನುತ್ತಿದ್ದ. ದೊರೆಗಳು ನಕಾಶೆ ನೋಡುವರು, ಮುಖ ಮುಖ ನೋಡಿಕೊಳ್ಳುವರು, ಹಡಗು ತಿರುಗಿಸುವರು. ಹದಿನಾಲ್ಕು ವರ್ಷ ಹೀಗೇ ಕಳೆಯಿತು.

ಆಮೇಲೆ ಸ್ವಾತಂತ್ರ್ಯ ಬಂತು, ದೊರೆಗಳು ಹೊರಟರು. ಹನ್ನೆರಡು ಹಡಗುಗಳಲ್ಲಿ ಹನ್ನೊಂದನ್ನು ತೆಗೆದುಕೊಂಡು ಹೋದರು. ಹನ್ನೆರಡನೆಯದು ಅಷ್ಟು ದೂರ ಮುಟ್ಟುತ್ತದೆಂಬ ಭರವಸೆ ಯಾರಿಗೂ ಇರಲಿಲ್ಲವಾಗಿ ಅದನ್ನು ಹೊಸ ದೇಶಕ್ಕೆ ಕಾಣಿಕೆಯಾಗಿ ಕೊಟ್ಟರು. ನಾವಿಕರು ಅದನ್ನು 'ಮುದುಕಿ' ಎಂದು ಕರೆಯುತ್ತಿದ್ದರು. ಮುದುಕಿಯ ಮೈಮೇಲಿದ್ದ ಒಡವೆಯನ್ನೆಲ್ಲ ದೊರೆಗಳು ಬಿಚ್ಚಿಕೊಂಡಿದ್ದರು: ಗಡಿಯಾರ, ದುರ್ಬೀನು, ನಕಾಶೆಗಳ ಇಡೀ ಪೆಟ್ಟಿಗೆ. ಹಡಗಿನ ಕಂಚಿನ ಗಂಟೆಯನ್ನು ಬಿಟ್ಟು ಅದರ ನಾಲಿಗೆಯನ್ನು ಮಾತ್ರ ಕಳಚಿಕೊಂಡು ಹೋದರು. ಯಾಕೆಂದು ಇವತ್ತಿಗೂ ಯಾರಿಗೂ ತಿಳಿಯದು. ಅಂದಿನಿಂದ ಅಡುಗೆಯವನು ಹೊತ್ತುಹೊತ್ತಿಗೆ ಬಂದು ಸೌಟಿನಿಂದ ಗಂಟೆ ಬಾರಿಸತೊಡಗಿದ. ಅವನಿಗೆ 'ಸೌಟು' ಎಂದೇ ಹೆಸರು ಬಿತ್ತು.

ಹೊಸ ಸರ್ಕಾರದ ಗುಮಾಸ್ತನೊಬ್ಬ ಕಾಗದ ಹಿಡಿದು ಬಂದು ನಲವತ್ತು ಜನರನ್ನು ಸಾಲಾಗಿ ನಿಲ್ಲಿಸಿದ.

"ಇಲ್ಲಿ ಎಲ್ಲರಿಗಿಂತ ಹಳಬರು ಯಾರ್ರೀ?"

ಎಲ್ಲರೂ ಸೌಟಿನ ಕಡೆ ನೋಡಿದರು. ಅವನದು ಹದಿನಾರು ವರ್ಷದ ಸೇವೆ.

"ಹಾಗಾದ್ರೆ ನೀವೇ ಕಪ್ತಾನರು," ಅಂದ ಗುಮಾಸ್ತ.

"ಅಯ್ಯೋ, ಒಲೆ ಮೇಲೆ ಹಾಲಿಟ್ಟು ಬಂದಿದ್ದೀನಿ ಸ್ವಾಮಿ, ಉಕ್ಕಿಬಿಡುತ್ತೆ!" ಎಂದು ಸೌಟು ಕಾಲಿಗೆ ಬುದ್ಧಿ ಹೇಳಿದ.

ಅವನ ಹಿಂದಿನವನು ಹದಿನಾಲ್ಕು ವರ್ಷದ ಗುಂಡು ಇಳಿಸುವವನು. ಗುಮಾಸ್ತ ಅವನ ಹೆಸರು ಬರೆದುಕೊಂಡು ಪಕ್ಕದಲ್ಲಿ 'ಹಂಗಾಮಿ' ಎಂದು ಸೇರಿಸಿದ. ಆ ಒಂದು ಪದ ಮೂರು ವರ್ಷ ಅವನ ಬೆನ್ನಿಗೆ ಬೇತಾಳದ ಹಾಗೆ ಅಂಟಿಕೊಂಡಿತು.

ಸಮವಸ್ತ್ರ ಹೊಲಿಸಲು ಸರ್ಕಾರಕ್ಕೆ ಪುರಸೊತ್ತಿರಲಿಲ್ಲ. ಆನೆಮರಿಯಂಥ ಒಬ್ಬ ದೊರೆ ಬಿಟ್ಟುಹೋದ ಕೋಟು ಕಪಾಟಿನಲ್ಲಿತ್ತು. ಕಪ್ತಾನನ ಹೆಂಡತಿ ಅದನ್ನು ಬಿಚ್ಚಿ, ಕತ್ತರಿಸಿ, ಗಂಡನ ಅಳತೆಗೆ ತಂದಳು. ಉಳಿದ ಬಟ್ಟೆಯಲ್ಲಿ ಎರಡು ದಿಂಬಿನ ಚೀಲ ಆದವು. ಟೋಪಿಯನ್ನು ಕತ್ತರಿಸಲು ಬರುವುದಿಲ್ಲವಲ್ಲ. ಅದರೊಳಗೆ ಹಳೆ ಪತ್ರಿಕೆ ತುರುಕಿದರು. ಸಲಾಮು ಹೊಡೆದಾಗಲೆಲ್ಲ ಟೋಪಿಯೊಳಗೆ ಪತ್ರಿಕೆ ಸರಬರ ಅನ್ನುತ್ತಿತ್ತು.

ಕೋಟು ಆಯಿತು, ನಕಾಶೆ? ನಕಾಶೆ ಇಲ್ಲದ ಕಪ್ತಾನ ಅಂದರೆ ಕನ್ನಡಕ ಮರೆತ ದರ್ಜಿಯ ಹಾಗೆ. ಕಪ್ತಾನ ಯೋಚಿಸಿ ಯೋಚಿಸಿ ತನಗೆ ಗೊತ್ತಿದ್ದ ದಾರಿಯನ್ನೇ ಹಿಡಿದ. ಮುದುಕಿ ಹೋದಲ್ಲೆಲ್ಲ ನಾವಿಕರ ಕೈಯಲ್ಲಿ ಗುಂಡು ಹಾಕಿಸಿ, ತಳದ ಕೆಸರನ್ನು ಹೆರೆದು, ಮನೆಗೆ ತಂದು, ಒಂದೊಂದು ಗಾಜಿನ ಭರಣಿಯಲ್ಲಿ ಹಾಕಿ, ಮೇಲೆ ಚೀಟಿ ಅಂಟಿಸಿದ. ಅಡುಗೆಮನೆಯ ನಡುವಣ ಹಲಗೆ ಪೂರ್ತಿ ಕೆಸರೇ. ಒಟ್ಟು ಮೂವತ್ತೆರಡು ಭರಣಿ.

"ಸಕ್ಕರೆ ಎಲ್ಲಿಡ್ಲಿ ನಾನು?" ಎಂದು ಹೆಂಡತಿ ಸೊಂಟಕ್ಕೆ ಕೈಯಿಟ್ಟು ಕೇಳಿದಳು.

"ಮೇಲಿನ ಹಲಗೆ ಇದೆಯಲ್ಲ ಕಣೇ."

"ಅಲ್ಲಿಗೆ ನನ್ನ ಕೈ ಎಟುಕಲ್ಲ. ನಿಮ್ಮ ಸಮುದ್ರಾನ ಮೇಲಿಟ್ಕೊಳ್ಳಿ, ನನ್ನ ಸಕ್ಕರೇನ ಕೆಳಗೆ ಬಿಡಿ."

"ಸಮುದ್ರ ಬಿದ್ದು ಒಡೆದ್ರೆ?"

"ಒಡೆದ್ರೆ ಒರೆಸ್ತೀನಿ ಬಿಡಿ. ಮದುವೆಯಾದಾಗಿಂದ ಅದನ್ನೇ ಮಾಡ್ತಿದ್ದೀನಿ."

ಒಮ್ಮೆ ಮನೆಗೆ ಬಂದ ಅವಳ ತಮ್ಮ ಅವಸರದಲ್ಲಿ ಸಕ್ಕರೆಯೆಂದು ಹದಿಮೂರನೆಯ ಭರಣಿಯಿಂದ ಎರಡು ಚಮಚ ತೆಗೆದು ಕಾಫಿಗೆ ಹಾಕಿಕೊಂಡ. ಒಂದು ಗುಟುಕು ಕುಡಿದು, "ಅಕ್ಕಾ, ಪುಡಿ ಬದಲಾಯಿಸಿದ್ಯಾ?" ಎಂದು ಕೇಳಿದನೇ ಹೊರತು ಬೇರೇನೂ ಅನ್ನಲಿಲ್ಲ. ಅವಳ ಕಾಫಿಯ ಬಗ್ಗೆ ಇದು ಏನು ಹೇಳುತ್ತದೆಂದು ಕಪ್ತಾನ ಯೋಚಿಸಿದ. ತನ್ನ ಲೋಟದ ಕಾಫಿಯನ್ನು ಪೂರ್ತಿ ಕುಡಿದ. ಬುದ್ಧಿವಂತ.

ಆದರೆ ಬೈದ ಬಾಯಿಯೇ ಪಾಠವನ್ನೂ ಒಪ್ಪಿಸಿಕೊಳ್ಳುತ್ತಿತ್ತು. ದಿನಾ ಬೆಳಿಗ್ಗೆ ಕಾಫಿಗೆ ಮುಂಚೆ ಕಪ್ತಾನ ಕಣ್ಣು ಮುಚ್ಚಿ ಮಣೆಯ ಮೇಲೆ ಕೂರುವನು. ಹೆಂಡತಿ ಒಂದೊಂದೇ ಭರಣಿಯ ಮುಚ್ಚಳ ತೆಗೆದು ಮೂಗಿನ ಕೆಳಗೆ ಹಿಡಿಯುವಳು. ಅವನು ಜಾಗ ಹೇಳಬೇಕು. ಸರಿಯಾದರೆ "ಪಾಸು". ತಪ್ಪಿದರೆ ಕಾಫಿ ತಡ. ಮೂವತ್ತು ಭರಣಿಗಳನ್ನು ಅವನು ನಿದ್ದೆಯಲ್ಲೂ ಹೇಳಬಲ್ಲವನಾಗಿದ್ದ. ಹದಿನೆಂಟು, ಹತ್ತೊಂಬತ್ತು ಮಾತ್ರ ಅವನ ಜೀವ ಹಿಂಡುತ್ತಿದ್ದವು. ಹದಿನೆಂಟು ಬಂದರಿನ ಬಾಯಿಯದು. ನದಿ ಬಂದು ಸೇರುವ ಕಡೆ ಮುದುಕಿ ಲಂಗರು ಹಾಕಿ ನಿಲ್ಲುವ ಜಾಗದ ಕರಿ ಕೆಸರು. ಹತ್ತೊಂಬತ್ತು ಅಲ್ಲಿಂದ ಎರಡು ಮೈಲಿ ಆಚೆ, ನೀರಿನಡಿ ಹಲ್ಲು ಕಿರಿದುಕೊಂಡಿರುವ ಹಲ್ಲುಬಂಡೆಯ ಹಿಂದಿನ ಕರಿ ಕೆಸರು. ಒಂದು ಮನೆ, ಇನ್ನೊಂದು ಮಸಣ. ಮೊದಮೊದಲು ಎರಡನ್ನೂ ಸರಿಯಾಗಿಯೇ ಹೇಳುತ್ತಿದ್ದ. ಆಮೇಲೆ ಏನಾಯಿತೋ, ಎರಡೂ ಒಂದೇ ಥರ ನಾರತೊಡಗಿದವು. ಅವನು ಹದಿನೆಂಟು ಅಂದರೆ ಅವಳು ಹತ್ತೊಂಬತ್ತು ಅನ್ನುವಳು. ಹತ್ತೊಂಬತ್ತು ಅಂದರೆ ಹದಿನೆಂಟು.

"ನಿಮ್ಮ ಮೂಗಿಗೆ ವಯಸ್ಸಾಯ್ತು ರೀ," ಅನ್ನುವಳು.

ಕಪ್ತಾನ ತಣ್ಣಗಾದ ಕಾಫಿ ಕುಡಿದು ಕೆಲಸಕ್ಕೆ ಹೋಗುವನು. ಅಪ್ಪ ಕೊಟ್ಟ ಒಂದೇ ಆಸ್ತಿ ಸವೆಯುತ್ತಿದೆ ಎಂಬ ಭಯ ದಾರಿಯುದ್ದಕ್ಕೂ ಜೊತೆಗೆ ಬರುವುದು.

ಹಡಗಿನಲ್ಲಿ ಅವನ ದೊಡ್ಡ ತಲೆನೋವು ಸೌಟು. ಅಡುಗೆಯ ಕಸವನ್ನು ಆಳಸಮುದ್ರದಲ್ಲಿ ಮಾತ್ರ ಚೆಲ್ಲಬೇಕು, ಲಂಗರಿನ ಜಾಗದಲ್ಲಿ ಒಂದು ಈರುಳ್ಳಿ ಸಿಪ್ಪೆಯೂ ಬೀಳಬಾರದು ಎಂಬುದು ನೌಕಾಪಡೆಯ ಕಟ್ಟುನಿಟ್ಟಿನ ನಿಯಮ. ಸೌಟು ಮಾತ್ರ ದಿನಾ ಬೆಳಿಗ್ಗೆ ಕಾಫಿ ಚರಟ, ಮೊಟ್ಟೆ ಚಿಪ್ಪು, ಈರುಳ್ಳಿ ಸಿಪ್ಪೆ ತುಂಬಿದ ಬಕೆಟ್ಟನ್ನು ಅಡುಗೆಕೋಣೆಯ ಕಿಟಕಿಯಿಂದ ಬಗ್ಗಿಸುತ್ತಿದ್ದ. ಆ ಕಡೆ ನೀರು ಕೆರೆಯ ಹಾಗೆ ನಿಂತದ್ದು. ಬಿದ್ದದ್ದು ಬಿದ್ದಲ್ಲೇ ಮುಳುಗುತ್ತಿತ್ತು.

"ಲೋ ಸೌಟು, ಎಷ್ಟು ಸಲ ಹೇಳ್ಬೇಕೋ ನಿನಗೆ?"

"ಇವತ್ತೊಂದಿನ ಕಪ್ತಾನ್ರೇ. ನಾಳೆಯಿಂದ ಕೈ ಮುಟ್ಟಿ ಆಣೆ."

"ನಿನ್ನೆನೂ ಇದನ್ನೇ ಅಂದೆ."

"ನೋಡಿ, ಆವತ್ತು ನಾನು ಹಾಲು ಉಕ್ಕುತ್ತೆ ಅಂತ ಓಡದೆ ಇದ್ದಿದ್ರೆ ಇವತ್ತು ನೀವು ನನ್ನ ಕೇಳ್ತಿರಲಿಲ್ಲ, ನಾನು ನಿಮ್ಮನ್ನ ಕೇಳ್ತಿದ್ದೆ. ಅದನ್ನ ಸ್ವಲ್ಪ ನೆನಪಿಟ್ಕೊಳ್ಳಿ."

ಈ ಬ್ರಹ್ಮಾಸ್ತ್ರಕ್ಕೆ ಕಪ್ತಾನನ ಹತ್ತಿರ ಗುರಾಣಿ ಇರಲಿಲ್ಲ. ಪ್ರತಿ ತಿಂಗಳೂ 'ಲಂಗರಿನ ಜಾಗ ಶುಚಿಯಾಗಿದೆ' ಎಂಬ ಸರ್ಕಾರಿ ಕಾಗದಕ್ಕೆ ಸಹಿ ಹಾಕುತ್ತಿದ್ದ.

ಹೀಗೆ ಮೂರು ವರ್ಷ ಮುದುಕಿ ಕರಾವಳಿ ಕಾದಳು. ಕಳ್ಳಸಾಗಣೆಯ ದೋಣಿ ಹಿಡಿದಳು, ಮುಳುಗುತ್ತಿದ್ದ ಮೀನುಗಾರರನ್ನು ಎತ್ತಿದಳು, ಒಂದು ಸಲವೂ ತಳ ತಾಗಿಸಿಕೊಳ್ಳಲಿಲ್ಲ. ಆದರೆ ಸುದ್ದಿಯಾದದ್ದು ಬೇರೆಯೇ. ಶಾಸನಸಭೆಯಲ್ಲಿ ಯಾರೋ ಎದ್ದು ನಿಂತು, "ನಮ್ಮ ಸ್ವತಂತ್ರ ದೇಶದ ನೌಕಾಪಡೆ ಕೆಸರು ಮೂಸಿಕೊಂಡು ಓಡಾಡುತ್ತದೆಯೆಂಬುದು ನಿಜವೇ?" ಎಂದು ಕೇಳಿದರು. ಸಭೆ ಬಿದ್ದು ಬಿದ್ದು ನಕ್ಕಿತು. ಮಾರನೆಯ ದಿನ ಪತ್ರಿಕೆಯಲ್ಲಿ 'ಕೆಸರು ಕಪ್ತಾನ' ಎಂಬ ತಲೆಬರಹ. ಕಪ್ತಾನ ಆ ಹಾಳೆಯನ್ನು ಹರಿದು ಟೋಪಿಯೊಳಗೇ ತುರುಕಿದ. ನೌಕಾ ಮಂತ್ರಿಗಳಿಗೆ ಮಾತ್ರ ಅವಮಾನ ತಡೆಯಲಾಗಲಿಲ್ಲ. ಸಮುದ್ರದಾಚೆಯಿಂದ ಒಬ್ಬ ಅನುಭವಸ್ಥ ಕಪ್ತಾನನನ್ನು ಗುತ್ತಿಗೆಯ ಮೇಲೆ ಕರೆಸಿದರು. ಹಂಗಾಮಿ ಕಪ್ತಾನನಿಗೆ ಬಂದ ಕಾಗದದ ಸಾರಾಂಶ ಇಷ್ಟು: ಬರುವ ಸೋಮವಾರ ಮಂತ್ರಿಗಳೂ ಗುತ್ತಿಗೆ ಕಪ್ತಾನರೂ ಹಡಗೇರುತ್ತಾರೆ. ದೀಪಸ್ತಂಭದ ದ್ವೀಪಕ್ಕೆ ಹೋಗಿ ಸಂಜೆಯೊಳಗೆ ಮರಳಬೇಕು. ಕೆಲಸ ಒಪ್ಪಿಗೆಯಾದರೆ 'ಹಂಗಾಮಿ' ಪದ ತೆಗೆಯಲಾಗುವುದು. ಆಗದಿದ್ದರೆ ಗುತ್ತಿಗೆ ಕಪ್ತಾನರು ಚುಕ್ಕಾಣಿ ಹಿಡಿಯುವರು, ತಾವು ಹಿಂದಿನ ಕೆಲಸಕ್ಕೆ ಮರಳುವುದು.

ಹಿಂದಿನ ಕೆಲಸವೆಂದರೆ ಮತ್ತೆ ಹಗ್ಗ ಹಿಡಿದು ಗುಂಡು ಇಳಿಸುವುದು, ತಾನೇ ಮೂರು ವರ್ಷ ನಡೆಸಿದ ಹಡಗಿನಲ್ಲಿ, ಇನ್ನೊಬ್ಬನ ಕೈಕೆಳಗೆ.

"ನಾನು ಸರಿಯಾದ ಕಪ್ತಾನನ ಹಾಗೇ ಇರ್ತೀನಿ," ಎಂದು ಅವನು ಹೆಂಡತಿಗೆ ಹೇಳಿದ. "ಕೆಸರಿನ ಮಾತೇ ಬೇಡ. ಸರ್ಕಾರ ಕೊಟ್ಟ ಹೊಸ ಆಳ ಅಳೆಯೋ ಯಂತ್ರ ಇದೆ. ಗುತ್ತಿಗೆಯವರು ನಕಾಶೆ ತರ್ತಾರೆ. ಗುಂಡನ್ನ ಉಗ್ರಾಣದಲ್ಲಿಟ್ಟು ಬೀಗ ಹಾಕಿದ್ದೀನಿ."

ಹೆಂಡತಿ ಕೋಟಿನ ಗುಂಡಿ ಬಿಗಿಯುತ್ತ ಹಲ್ಲಿನಿಂದ ದಾರ ಕಡಿದಳು. "ಬೀಗದ ಕೈ?"

"ಜೇಬಲ್ಲಿದೆ."

"ಹಾಂ, ಜೇಬಲ್ಲೇ ಇರ್ಲಿ," ಅಂದಳು.

ಸೋಮವಾರ ಮುದುಕಿ ಮದುಮಗಳ ಹಾಗೆ ಮಿಂಚುತ್ತಿದ್ದಳು. ಎಂಜಿನ್ ಮೇಸ್ತ್ರಿ ಕಿರುಗುಟ್ಟುವ ಬಾಗಿಲುಗಳಿಗೆಲ್ಲ ಉಗ್ರಾಣದ ಕೊಬ್ಬು ಸವರಿ ಡಬ್ಬಿ ಖಾಲಿ ಮಾಡಿದ್ದ. ದಡದ ಕಟ್ಟೆಯಾದ ಧಕ್ಕೆಯ ಮೇಲೆ ವಾದ್ಯದವರು ನಿಂತಿದ್ದರು. ಹಡಗು ಹೊರಡುವಾಗ ಬಾರಿಸಬೇಕು, ಮರಳುವಾಗ ಹಡಗು ಕಣ್ಣಿಗೆ ಕಂಡ ಕೂಡಲೇ ಬಾರಿಸಬೇಕು ಎಂದು ಅವರಿಗೆ ಆಜ್ಞೆಯಾಗಿತ್ತು. ಮಂತ್ರಿಗಳು ದುಂಡಗಿನ, ಬೆವರುವ ಮನುಷ್ಯ. ಗುತ್ತಿಗೆ ಕಪ್ತಾನ ಒಣಗಿದ ಕೋಲಿನಂಥವನು. ಮಾತು ಕಡಿಮೆ, ಕೈಯಲ್ಲೊಂದು ಪಟ್ಟಿ. ಒಂದೊಂದು ಪ್ರಶ್ನೆಗೂ ಉತ್ತರ ಕೇಳಿ ಗೀಟು ಹಾಕುತ್ತಿದ್ದ. ಹದಿನಾಲ್ಕು ವರ್ಷ ದೊರೆಗಳ ಕೈಕೆಳಗೆ ದುಡಿದ ನಮ್ಮ ಕಪ್ತಾನನಿಗೆ ಅವನ ಭಾಷೆ ನೀರು ಕುಡಿದಷ್ಟು ಸಲೀಸು.

"ಲಂಗರಿನ ಜಾಗ ಶುಚಿಯಾಗಿದೆಯೇ?"

ಕಪ್ತಾನನ ಕಣ್ಣು ಅಡುಗೆಕೋಣೆಯ ಕಿಟಕಿಯತ್ತ ಹೊರಳಿತು. ಸೌಟು ಅಲ್ಲಿ ಬಕೆಟ್ಟು ತೊಳೆಯುತ್ತಿದ್ದ.

"ಶುಚಿಯಾಗಿದೆ."

ಗೀಟು ಬಿತ್ತು.

ಹೋಗುವ ದಾರಿ ಬೆಣ್ಣೆಯ ಹಾಗೆ ಸಾಗಿತು. ದ್ವೀಪ ಮುಟ್ಟಿದರು, ಮಂತ್ರಿಗಳು ಜೊತೆಗೆ ಕರೆತಂದ ಫೋಟೋದವನಿಂದ ದೀಪಸ್ತಂಭದ ಮುಂದೆ ಫೋಟೋ ತೆಗೆಸಿಕೊಂಡರು, ಹಡಗು ಮನೆಯ ಕಡೆ ತಿರುಗಿತು. ಆಗ ಮಧ್ಯಾಹ್ನದ ಬಿಸಿಲಿನಲ್ಲೇ ಸಮುದ್ರದ ಕಡೆಯಿಂದ ಮಂಜು ಎದ್ದು ಬಂತು. ಮಂಜು ಅಂದರೆ ಅಂತಿಂಥದ್ದಲ್ಲ, ಹತ್ತಿ ಪೆಟ್ಟಿಗೆಯೊಳಗೆ ಹಡಗನ್ನು ತುರುಕಿದ ಹಾಗೆ. ಚಾಚಿದ ಕೈ ಕಾಣದು.

"ಚಿಂತೆ ಇಲ್ಲ ಸ್ವಾಮಿ, ಯಂತ್ರ ಇದೆ," ಎಂದು ಕಪ್ತಾನ ಚುಕ್ಕಾಣಿ ಕೋಣೆಯಲ್ಲಿ ಯಂತ್ರದ ಗುಂಡಿ ಒತ್ತಿದ. ಮುಳ್ಳು ಒಂದು ಸಲ ನಡುಗಿ ಮಲಗಿತು. ಮತ್ತೆ ಒತ್ತಿದ. ಮಲಗಿದ್ದು ಏಳಲಿಲ್ಲ.

"ಮೇಸ್ತ್ರೀ! ಇದರ ಬ್ಯಾಟರಿ ಏನಾಯ್ತೋ?"

ಎಂಜಿನ್ ಮೇಸ್ತ್ರಿ ಕೆಳಗಿನಿಂದ ತಲೆ ಹೊರಹಾಕಿದ. "ಮಂತ್ರಿಗಳಿಗೆ ಸೆಕೆ ಅಂತ ನೀವೇ ಫ್ಯಾನ್ ಹಾಕು ಅಂದ್ರಲ್ಲ ಸಾರ್. ಇನ್ನೆಲ್ಲಿಂದ ಕೊಡ್ಲಿ? ಅದರಿಂದಾನೇ ತೆಗೆದು ಕೊಟ್ಟೆ."

ಮಂತ್ರಿಗಳ ಹಿಂದೆ ಫ್ಯಾನು ಕೊನೆಯ ಎರಡು ಸುತ್ತು ತಿರುಗಿ, ಅದೂ ನಿಂತಿತು.

ಗುತ್ತಿಗೆ ಕಪ್ತಾನ ನಕಾಶೆ ಹಾಸಿ ನೋಡಿದ. ನಕಾಶೆಯಲ್ಲಿ ಎಲ್ಲವೂ ಇತ್ತು, ಹಡಗು ಎಲ್ಲಿದೆ ಎಂಬುದೊಂದನ್ನು ಬಿಟ್ಟು. "ಹಡಗನ್ನು ಸೆಳೆತ ಎಳೆಯುತ್ತಿದೆ ಕಪ್ತಾನರೇ," ಅಂದ ಮೆತ್ತಗೆ. "ಆಳ ತಿಳಿಯದೆ ನಾನು ಒಂದು ಮಾತೂ ಹೇಳಲಾರೆ. ಹಡಗು ನಿಮ್ಮದು."

ಕಪ್ತಾನನ ಕೈ ಜೇಬಿಗೆ ಹೋಯಿತು. ಬೀಗದ ಕೈ ತಣ್ಣಗಿತ್ತು. ತೆಗೆದರೆ ಶಾಸನಸಭೆ ನಕ್ಕದ್ದು ನಿಜ ಎಂದು ಮಂತ್ರಿಗಳ ಕಣ್ಣೆದುರೇ ಒಪ್ಪಿದಂತೆ. ತೆಗೆಯದಿದ್ದರೆ ಹಲ್ಲುಬಂಡೆ ಮಂತ್ರಿಗಳನ್ನೂ ಸೇರಿಸಿ ನಲವತ್ಮೂರು ಜನರನ್ನು ಅಗಿಯುತ್ತದೆ. ಅವನು ಕೋಟು ಬಿಚ್ಚಿ ಕುರ್ಚಿಗೆ ಹಾಕಿದ, ತೋಳು ಮಡಚಿದ, ಬೀಗದ ಕೈಯನ್ನು ಮೇಸ್ತ್ರಿಯ ಕಡೆ ಎಸೆದ.

"ಗುಂಡು ತನ್ನಿ. ಕೊಬ್ಬಿನ ಡಬ್ಬಿನೂ."

"ಕೊಬ್ಬು ಬಾಗಿಲುಗಳಿಗೆ..." ಎಂದು ಮೇಸ್ತ್ರಿ ತಲೆ ತುರಿಸಿಕೊಂಡ.

"ಸೌಟು! ಕೊಬ್ಬು ಇದೆಯೇನೋ?"

"ಕೊಬ್ಬಿಲ್ಲ ಕಪ್ತಾನ್ರೇ. ಬೆಣ್ಣೆ ಇದೆ. ಮಂತ್ರಿಗಳ ಬ್ರೆಡ್ಡಿಗೆ ಅಂತ ಎತ್ತಿಟ್ಟಿದ್ದು."

"ತಾ."

ಮಂತ್ರಿಗಳು ಕೈಯಲ್ಲಿ ಒಣ ಬ್ರೆಡ್ಡು ಹಿಡಿದು, ತಮ್ಮ ಬೆಣ್ಣೆ ಸೀಸದ ಗುಂಡಿನ ಬುಡಕ್ಕೆ ಹೋಗುವುದನ್ನು ನೋಡಿದರು. "ಏನ್ರೀ ಇದು? ಏನ್ ಮಾಡ್ತಿದ್ದೀರಿ?"

"ದಾರಿ ಕೇಳ್ತಿದ್ದೀನಿ ಸ್ವಾಮಿ."

ಎಂಜಿನು ನಿಧಾನವಾಯಿತು. ಕಪ್ತಾನ ಹಡಗಿನ ಅಂಚಿನಲ್ಲಿ ನಿಂತು, ಗುಂಡನ್ನು ಬೀಸಿ ಎಸೆದ. ಮೂರು ವರ್ಷ ಮಾತ್ರ ಬಿಟ್ಟ ಕೆಲಸ, ಭುಜ ಮರೆತಿರಲಿಲ್ಲ. "ಹದಿನೈದು ಮಾರು!" ಎಂದು ತಾನೇ ಕೂಗಿ, ಎಳೆದು, ಮೂಸಿದ. "ಬೂದು ಮರಳು, ಚಿಪ್ಪಿನ ಪುಡಿ. ಇಪ್ಪತ್ನಾಲ್ಕನೇ ಭರಣಿ. ದ್ವೀಪದಿಂದ ಮೂರು ಮೈಲಿ. ಸ್ವಲ್ಪ ಎಡಕ್ಕೆ."

"ಭರಣಿ?" ಅಂದರು ಮಂತ್ರಿಗಳು. ಕಪ್ತಾನ ಆಗಲೇ ಮತ್ತೆ ಗುಂಡು ಬೀಸುತ್ತಿದ್ದ.

ಹೀಗೆ ಎಸೆಯುತ್ತ ಎಳೆಯುತ್ತ, ಮೂಸುತ್ತ ತಿರುಗಿಸುತ್ತ ಒಂದು ಗಂಟೆ ಕಳೆಯಿತು. ಗುಂಡು ಎಂಟು ಮಾರಿಗೆ ತಳ ಮುಟ್ಟಿತು. ಮೇಲೆ ಬಂದದ್ದು ಕರಿ ಕೆಸರು, ನುಣ್ಣಗೆ, ಕಾಡಿಗೆಯ ಹಾಗೆ. ಕಪ್ತಾನ ಮೂಸಿದ. ಕೊಳೆತ ಎಲೆಯ ವಾಸನೆ, ನದಿಯ ವಾಸನೆ. ಮೂಗು 'ಹದಿನೆಂಟು, ಮನೆ' ಅಂದಿತು. ಅದೇ ಉಸಿರಿಗೆ ಕಿವಿಯಲ್ಲಿ ಹೆಂಡತಿಯ ದನಿ: 'ತಪ್ಪು. ಹತ್ತೊಂಬತ್ತು. ನಿಮ್ಮ ಮೂಗಿಗೆ ವಯಸ್ಸಾಯ್ತು ರೀ.'

ಹದಿನೆಂಟಾದರೆ ಇಲ್ಲೇ ಲಂಗರು ಬಿಡಬೇಕು, ಮುಂದೆ ಹೋದರೆ ದಡಕ್ಕೆ ಬಡಿಯುತ್ತದೆ. ಹತ್ತೊಂಬತ್ತಾದರೆ ಇಲ್ಲಿ ಲಂಗರು ಕಚ್ಚುವುದಿಲ್ಲ, ಈ ಕ್ಷಣವೇ ಹಿಂದಕ್ಕೆ ಓಡಬೇಕು, ಇಲ್ಲವೆಂದರೆ ಸೆಳೆತ ಬಂಡೆಯ ಬಾಯಿಗೆ ಹಾಕುತ್ತದೆ. ಎರಡರಲ್ಲಿ ಒಂದು ತಪ್ಪಿದರೂ ಮುದುಕಿಯ ಕಥೆ ಮುಗಿಯಿತು.

"ಕಪ್ತಾನರೇ?" ಅಂದ ಗುತ್ತಿಗೆ ಕಪ್ತಾನ.

"ಇನ್ನೊಂದು ಸಲ," ಅಂದ ಇವನು. ಉಳಿದ ಬೆಣ್ಣೆಯನ್ನೆಲ್ಲ ಮೆತ್ತಿ ಎಸೆದ.

ಗುಂಡು ಮೇಲೆ ಬಂತು. ಬುಡವನ್ನು ಬೆಳಕಿಗೆ ಹಿಡಿದ. ಕರಿ ಕೆಸರಿನ ನಡುವೆ ಒರಟು ಕಂದು ಪುಡಿ. ಅದರ ಪಕ್ಕ ಒಂದು ಬಿಳಿ ಚೂರು. ಇನ್ನೊಂದು ತೆಳ್ಳಗೆ, ನೇರಳೆ ಬಣ್ಣದ್ದು, ಹೊಳೆಯುವಂಥದ್ದು. ಕಪ್ತಾನ ಮೂಸಿದ. ಕಣ್ಣರಳಿಸಿ ಮತ್ತೆ ಮೂಸಿದ. ಆಮೇಲೆ ನಿಧಾನವಾಗಿ ತಿರುಗಿ ಅಡುಗೆಕೋಣೆಯ ಬಾಗಿಲ ಕಡೆ ನೋಡಿದ.

ಸೌಟಿನ ಮುಖ ಬಿಳಿಚಿಕೊಂಡಿತು. "ಇವತ್ತೊಂದಿನ ಕಪ್ತಾನ್ರೇ... ನಾಳೆಯಿಂದ..."

"ಲಂಗರು ಬಿಡ್ರೋ!" ಎಂದು ಕಪ್ತಾನ ಕೂಗಿದ ಕೂಗಿಗೆ ಮಂತ್ರಿಗಳ ಬ್ರೆಡ್ಡು ಕೈಜಾರಿ ಸಮುದ್ರಕ್ಕೆ ಬಿತ್ತು.

ಸರಪಳಿ ಗಡಗಡ ಇಳಿಯಿತು. ಲಂಗರು ಕಚ್ಚಿತು. ಮುದುಕಿ ಒಮ್ಮೆ ಮೈಮುರಿದು ನಿಂತಳು. ಎಲ್ಲರೂ ಕಿವಿಗೊಟ್ಟು ಕೇಳಿದರು. ಆಗ ಮಂಜಿನೊಳಗಿಂದ, ಕೈಗೆಟುಕುವಷ್ಟು ಹತ್ತಿರದಿಂದ, ಡೋಲು ತುತ್ತೂರಿ ಒಟ್ಟಿಗೆ ಹೊಡೆದುಕೊಂಡವು. ಆದದ್ದು ಇಷ್ಟು: ವಾದ್ಯದವರು ಆಜ್ಞೆಯಂತೆ ಹಡಗು ಕಣ್ಣಿಗೆ ಕಾಣಲಿ ಎಂದು ಎರಡು ಗಂಟೆಯಿಂದ ಧಕ್ಕೆಯ ಮೇಲೆ ತುಟಿಪಿಟಕ್ ಅನ್ನದೆ ಕೂತಿದ್ದರು. ಅವರ ಪಕ್ಕದಲ್ಲೇ ಕಾಯುತ್ತಿದ್ದ ಕಪ್ತಾನನ ಹೆಂಡತಿ ಸರಪಳಿಯ ಸದ್ದು ಕೇಳಿ, "ಬಂದ್ರು, ಬಾರಿಸ್ರಪ್ಪಾ!" ಅಂದಳಂತೆ. "ಕಾಣ್ತಿಲ್ವಲ್ಲಮ್ಮ," ಅಂದನಂತೆ ವಾದ್ಯದ ಮುಖಂಡ. "ನನಗೆ ಕಾಣ್ತಿದೆ, ಬಾರಿಸು!" ಎಂದು ಅವಳೇ ಡೋಲಿನ ಕೋಲು ಕಿತ್ತುಕೊಂಡಳಂತೆ.

ಹಡಗಿನಲ್ಲಿ ಮಂತ್ರಿಗಳು ಹಣೆ ಒರೆಸಿಕೊಂಡು ಹತ್ತಿರ ಬಂದರು. "ಅದೇನ್ರೀ ಕಂಡಿತು ನಿಮಗೆ ಆ ಗುಂಡಿನಲ್ಲಿ?"

ಗುತ್ತಿಗೆ ಕಪ್ತಾನನೂ ಪಟ್ಟಿ ಹಿಡಿದು ಬಂದ. ಬೆಳಿಗ್ಗೆ ಹೇಳಿದ ಸುಳ್ಳು ಪಟ್ಟಿಯಲ್ಲಿ ಗೀಟಾಗಿ ಕೂತಿತ್ತು. ಏನೋ ವಿಶೇಷ ಚಿಪ್ಪು ಎಂದುಬಿಡಬಹುದಿತ್ತು, ಮಂತ್ರಿಗಳು ನಂಬುತ್ತಿದ್ದರು. ಆದರೆ ಕೈಯಲ್ಲಿದ್ದದ್ದು ನಲವತ್ಮೂರು ಜೀವ ಉಳಿಸಿದ ವಸ್ತು. ಅದರ ಮುಂದೆ ಸುಳ್ಳಾಡಲು ಬಾಯಿ ಬರಲಿಲ್ಲ.

"ಕಾಫಿ ಚರಟ ಸ್ವಾಮಿ. ಇದು ಮೊಟ್ಟೆ ಚಿಪ್ಪು. ಇದು ಈರುಳ್ಳಿ ಸಿಪ್ಪೆ. ನಮ್ಮದೇ ಅಡುಗೆಮನೆದು. ಮೂರು ವರ್ಷದಿಂದ ಇಲ್ಲೇ ಬೀಳ್ತಿದೆ. ಪ್ರಪಂಚದ ಸಮುದ್ರದಲ್ಲಿ ಇನ್ನೆಲ್ಲೂ ಇದು ಸಿಗಲ್ಲ, ಅದಕ್ಕೇ ಗೊತ್ತಾಯ್ತು. ಜಾಗ ಶುಚಿಯಾಗಿದೆ ಅಂತ ನಾನು ಬೆಳಿಗ್ಗೆ ಹೇಳಿದ್ದು ಸುಳ್ಳು."

ಗುತ್ತಿಗೆ ಕಪ್ತಾನ ಗುಂಡನ್ನು ಕೈಗೆ ತೆಗೆದುಕೊಂಡ. ಬೆರಳಿನಿಂದ ಒಂದು ಚೂರು ತೆಗೆದು, ಎಲ್ಲರೂ ನೋಡುತ್ತಿದ್ದಂತೆ, ನಾಲಿಗೆಗೆ ಮುಟ್ಟಿಸಿದ.

"ನಾನೂ ಹುಡುಗನಾಗಿದ್ದಾಗ ಗುಂಡು ಇಳಿಸಿದವನೇ," ಅಂದ. ಇಡೀ ದಿನದಲ್ಲಿ ಅವನ ಮುಖದ ಮೇಲೆ ಮೊದಲ ಸಲ ನಗೆ ಕಂಡಿತು. "ಕಾಫಿ ತುಂಬಾ ಕೆಟ್ಟದಾಗಿದೆ."

ಬಾಗಿಲಲ್ಲಿ ನಿಂತ ಸೌಟಿಗೆ ಅವಮಾನವಾಯಿತು. ಮಾತು ಬೇರೆ ಭಾಷೆಯದಾದರೂ ಮುಖ ನೋಡಿ ಅರ್ಥವಾಗಿತ್ತು.

ಗುತ್ತಿಗೆ ಕಪ್ತಾನ ಮಂತ್ರಿಗಳಿಗೆ ಕೊಟ್ಟ ವರದಿ ಅರ್ಧ ಹಾಳೆಯದು. ಅದರಲ್ಲಿದ್ದದ್ದು ಇಷ್ಟು: ಶುಚಿತ್ವದಲ್ಲಿ ಈ ಹಡಗಿಗೆ ಸೊನ್ನೆ ಕೊಡುತ್ತೇನೆ, ಅಡುಗೆಯವನಿಗೆ ಎಚ್ಚರಿಕೆ ಕೊಡತಕ್ಕದ್ದು. ಆದರೆ ಆ ಮಂಜಿನಲ್ಲಿ ನಾನು ಚುಕ್ಕಾಣಿ ಹಿಡಿದಿದ್ದರೆ ಈ ವರದಿ ಬರೆಯಲು ನಾನಾಗಲಿ ಓದಲು ತಾವಾಗಲಿ ಇರುತ್ತಿರಲಿಲ್ಲ. ಈ ಹಡಗಿಗೆ ನಾನು ಬೇಕಾಗಿಲ್ಲ. ಮರುವಾರವೇ ಅವನು ತನ್ನ ಊರಿಗೆ ಹೊರಟ. ಹೋಗುವಾಗ ನಕಾಶೆಯನ್ನು ಬಿಟ್ಟು ಹೋದ. ನಮ್ಮ ಕಪ್ತಾನನ ಹೆಸರಿನ ಪಕ್ಕದ ಆ ಪದ ಹೋಯಿತು.

ಆವತ್ತು ಸಂಜೆ ಹೆಂಡತಿಗೆ ಕಥೆಯನ್ನೆಲ್ಲ ಹೇಳಿದಾಗ ಅವಳು ಭರಣಿಗಳ ಹಲಗೆಯನ್ನು ನೋಡಿ, "ಹಾಗಾದ್ರೆ ಮೂವತ್ತೆರಡು ಭರಣಿ ಯಾಕ್ರೀ ಬೇಕಿತ್ತು? ಒಂದು ಕಸದ ಬುಟ್ಟಿ ಸಾಕಿತ್ತಲ್ಲ," ಅಂದಳು.

ಆಮೇಲೆ ಅವನು ಇಪ್ಪತ್ತೆರಡು ವರ್ಷ ಕೆಲಸ ಮಾಡಿದ. ಒಂದು ಹಡಗು ನಾಲ್ಕಾಯಿತು, ನಾಲ್ಕು ಒಂಬತ್ತಾಯಿತು. ಮುದುಕಿಯ ಗಂಟೆಗೆ ಹೊಸ ನಾಲಿಗೆ ಬಂತು, ಸೌಟು ಅದನ್ನು ಮುಟ್ಟದೆ ಸೌಟಿನಿಂದಲೇ ಬಾರಿಸಿದ. ಕಪ್ತಾನನಿಗೆ ಅಳತೆಗೆ ಸರಿಯಾದ ಟೋಪಿ ಬಂತು, ಪತ್ರಿಕೆ ಸರಬರ ಅನ್ನದೆ ಕೆಲವು ದಿನ ಅವನಿಗೆ ತಲೆಯೇ ಹಗುರವೆನಿಸಿತು. ಕೊನೆಗೆ ದೇಶದ ಮೊದಲ ಸಮುದ್ರ ನಕಾಶೆ ಬರೆಯುವ ಕೆಲಸ ಅವನ ಪಾಲಿಗೇ ಬಂತು. ನಕಾಶೆಯಲ್ಲಿ ಅಲ್ಲಲ್ಲಿ ತಳದ ಗುಣ ಬರೆಯುವುದು ವಾಡಿಕೆ: ಮರಳು, ಕೆಸರು, ಚಿಪ್ಪು. ಬಂದರಿನ ಬಾಯಿಯ ಹತ್ತಿರ ಅವನು 'ಕರಿ ಕೆಸರು, ಕಾಫಿ ಚರಟ' ಎಂದು ಬರೆದ. ದೂರದ ದೇಶದ ನಕಾಶೆ ಕಚೇರಿಯೊಂದು ಇದು ಅಚ್ಚಿನ ತಪ್ಪೇ ಎಂದು ಕಾಗದ ಬರೆದು ಕೇಳಿತು. 'ಖುದ್ದು ಪರೀಕ್ಷಿಸಲಾಗಿದೆ' ಎಂದು ಅವನು ಉತ್ತರಿಸಿದ.

ನಿವೃತ್ತಿಯಾದ ಮರುದಿನ ಬೆಳಿಗ್ಗೆ ಹೆಂಡತಿ ಬಕೆಟ್ಟು ತಂದು ಹಲಗೆಯ ಕೆಳಗಿಟ್ಟಳು. "ಇನ್ನು ನನ್ನ ಸಕ್ಕರೆ ಕೆಳಗೆ ಬರ್ಲಿ," ಅಂದಳು. ಒಂದೊಂದೇ ಭರಣಿ ತೊಳೆಯುತ್ತ ಬಂದಳು. ಹದಿನೆಂಟಕ್ಕೆ ಬಂದಾಗ ಅವಳ ಕೈ ತಡೆಯಿತು.

"ರೀ, ಒಂದು ಮಾತು. ಬೈಯಬಾರದು."

"ಹೇಳು."

"ಹಡಗು ನಿಮ್ಮ ಕೈಗೆ ಬಂದ ಎರಡನೇ ವರ್ಷ ಹಲಗೆ ಒರೆಸುವಾಗ ಹತ್ತೊಂಬತ್ತು ಬಿದ್ದು ಒಡೆದುಹೋಯ್ತು. ನೀವು ರಂಪ ಮಾಡ್ತೀರಿ ಅಂತ ಹದಿನೆಂಟರಲ್ಲೇ ಅರ್ಧ ತೆಗೆದು ಬೇರೆ ಭರಣಿಗೆ ಹಾಕಿ ಹತ್ತೊಂಬತ್ತು ಅಂತ ಚೀಟಿ ಅಂಟಿಸಿದೆ."

ಕಪ್ತಾನನಿಗೆ ಆ ಮಂಜಿನ ಮಧ್ಯಾಹ್ನ ಮೂಗು ಹೇಳಿದ್ದೂ ಕಿವಿ ಹೇಳಿದ್ದೂ ಎರಡೂ ನೆನಪಿಗೆ ಬಂದವು.

"ಅಂದ್ರೆ ಇಷ್ಟು ವರ್ಷ ಒಂದೇ ಕೆಸರನ್ನ ಎರಡೆರಡು ಸಲ ಮೂಸಿಸಿ ನನ್ನ ಫೇಲ್ ಮಾಡ್ತಿದ್ದೆಯೇನೇ?"

"ಪಾಸಾಗಿದ್ರೆ ನೀವು ಓದೋದನ್ನೇ ಬಿಟ್ಟುಬಿಡ್ತಿದ್ರಿ."

ಅವನು ಎದ್ದ. ರಂಪ ಮಾಡುತ್ತಾನೆಂದು ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ಅವನು ಮಣೆ ಎಳೆದುಕೊಂಡು ಕೂತು, ಕಣ್ಣು ಮುಚ್ಚಿದ.

"ಹಿಡಿ," ಅಂದ.

ಅವಳು ಹತ್ತೊಂಬತ್ತು ಎಂದು ಚೀಟಿಯಿದ್ದ ಭರಣಿಯ ಮುಚ್ಚಳ ತೆಗೆದು ಮೂಗಿನ ಕೆಳಗೆ ಹಿಡಿದಳು. ಎಷ್ಟೋ ವರ್ಷ ಹಳೆಯ ಕೆಸರು, ಒಣಗಿ ಬಿರುಕು ಬಿಟ್ಟಿತ್ತು. ಅವನು ನಿಧಾನವಾಗಿ ಉಸಿರೆಳೆದುಕೊಂಡ.

"ಹದಿನೆಂಟು."

"ಪಾಸು," ಎಂದು ಅವಳು ಅದನ್ನು ಬಕೆಟ್ಟಿಗೆ ಬಗ್ಗಿಸಿ, ಕಾಫಿಗೆ ನೀರಿಡಲು ಒಲೆಯ ಕಡೆ ಹೋದಳು.